ಒಂದು ಹೈಡ್ರೋಜನ್‌ಗಷ್ಟೇ ಜಾಗ

ಹೊಸಪೇಟೆಯಿಂದ ಹಂಪಿಗೆ ಬಂದು, ವಿಠ್ಠಲ ದೇವಾಲಯವನ್ನು ನೋಡಿಕೊಂಡು, ತುಂಗಭದ್ರೆಯ ದಡಕ್ಕೆ ಇಳಿದಿದ್ದೀರಾ? ಹಾಗಾದರೆ ಹರಿಗೋಲನ್ನು ನೀವು ನೋಡಿಯೇ ಇರುತ್ತೀರಿ. ಬಿದಿರಿನ ಬುಟ್ಟಿಯಂತಹ ಈ ದುಂಡು ದೋಣಿ ಕಂಪ್ಲಿಯ ಕಡೆಯ ನದಿತೀರದವರಿಗೂ ಹೊಸದಲ್ಲ. ಈಗಿನ ಹರಿಗೋಲಿನ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಹಿಂದೆ ಹೀಗಿರಲಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಮಂದಿಯನ್ನು ಹೊತ್ತು, ಗಿರ್ರನೆ ತಿರುಗುತ್ತಲೇ ಅವು ನದಿ ದಾಟುತ್ತಿದ್ದವಂತೆ.

ಇಪ್ಪತ್ತು ಜನರ ಭಾರವನ್ನೂ ಹೊಳೆಯ ಸೆಳೆತವನ್ನೂ ತಡೆಯುವ ಶಕ್ತಿ ಚರ್ಮಕ್ಕೆ ಎಲ್ಲಿಂದ ಬಂತು? ಅದನ್ನು ಬಾಗಿಸಬಹುದು, ಮಡಿಸಬಹುದು. ಆದರೆ ಎಳೆದು ಹರಿಯುವುದು ಕಷ್ಟ. ಈ ಗುಣಕ್ಕೆ ಕಾರಣ ಚರ್ಮದಲ್ಲಿರುವ ಕೊಲಾಜನ್ ಎಂಬ ಪ್ರೋಟೀನು. ನಮ್ಮ ಮೂಳೆ, ಸ್ನಾಯುರಜ್ಜು, ಮೃದ್ವಸ್ಥಿಗಳಲ್ಲಿಯೂ ಇರುವುದು ಇದೇ ಬಗೆಯ ವಸ್ತು. ಸಸ್ತನಿಗಳ ದೇಹದ ಒಟ್ಟು ಪ್ರೋಟೀನಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಕೊಲಾಜನ್ನೇ ಆಗಿದೆ.

ಈ ಪ್ರೋಟೀನಿನ ರಚನೆಯನ್ನು ಹುಡುಕಲು ಹೊರಟ ಭಾರತೀಯ ವಿಜ್ಞಾನಿಯೊಬ್ಬರು, ಕೊನೆಗೆ ಎಲ್ಲ ಪ್ರೋಟೀನುಗಳಿಗೂ ಅನ್ವಯಿಸುವ ಒಂದು ನಿಯಮವನ್ನು ಕಂಡುಕೊಂಡರು. ಅವರ ಹೆಸರು ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್. ಪ್ರೋಟೀನಿನ ಬೆನ್ನೆಲುಬು ಎಷ್ಟು ಬಾಗಬಲ್ಲದು ಎಂಬುದನ್ನು ಅದರ ಪಕ್ಕಕ್ಕೆ ಅಂಟಿಕೊಂಡಿರುವ ಪರಮಾಣುಗಳು ನಿರ್ಧರಿಸುತ್ತವೆ ಎಂಬುದೇ ಆ ನಿಯಮದ ಸಾರ. ಅವರು ಈ ನಿಯಮವನ್ನು ತಲುಪಿದ್ದು ನೇರ ದಾರಿಯಲ್ಲಿ ಅಲ್ಲ, ತಮ್ಮ ಕೆಲಸಕ್ಕೆ ಬಂದ ಒಂದು ಆಕ್ಷೇಪಣೆಯ ಮೂಲಕ.

ಗೊಂಬೆಯ ತೋಳು, ಪ್ರೋಟೀನಿನ ಕೊಂಡಿ

ಮೊದಲು ಬೆನ್ನೆಲುಬು ಎಂದರೇನೆಂದು ನೋಡೋಣ. ಬಳ್ಳಾರಿ ಸೀಮೆಯ ತೊಗಲು ಗೊಂಬೆಯಾಟವನ್ನು ನೀವು ಬಲ್ಲಿರಿ. ಹದಮಾಡಿದ ಚರ್ಮವನ್ನು ಕತ್ತರಿಸಿ, ಬಣ್ಣ ಬಳಿದು, ತೋಳು ಮೊಣಕೈಗಳನ್ನು ದಾರದಿಂದ ಬಿಗಿದಿರುತ್ತಾರೆ. ತೋಳಿನ ತುಂಡು ಗಟ್ಟಿ, ಅದು ಬಾಗುವುದಿಲ್ಲ. ಗಂಟು ಹಾಕಿದ ಕಡೆ ಮಾತ್ರ ತಿರುಗುತ್ತದೆ. ಗೊಂಬೆಯ ಚಲನೆಯೆಲ್ಲ ಈ ಗಂಟುಗಳಿಂದ ಬಂದದ್ದು.

ಪ್ರೋಟೀನಿನಲ್ಲಿಯೂ ಹೀಗೆಯೇ. ಅಮೈನೊ ಆಮ್ಲಗಳು ಒಂದಕ್ಕೊಂದು ಪೆಪ್ಟೈಡ್ ಬಂಧದಿಂದ ಸೇರಿ ಉದ್ದನೆಯ ಸರಪಳಿಯಾಗುತ್ತವೆ. ನೈಟ್ರೋಜನ್, ಆಲ್ಫಾ ಕಾರ್ಬನ್, ಕಾರ್ಬೊನಿಲ್ ಕಾರ್ಬನ್, ಮತ್ತೆ ನೈಟ್ರೋಜನ್ ಎಂದು ಸಾಗುವ ಈ ಮುಖ್ಯ ಎಳೆಯೇ ಬೆನ್ನೆಲುಬು. ಇಪ್ಪತ್ತು ಬಗೆಯ ಅಮೈನೊ ಆಮ್ಲಗಳಲ್ಲಿಯೂ ಈ ಎಳೆ ಒಂದೇ ತೆರನಾದದ್ದು. ವ್ಯತ್ಯಾಸವಿರುವುದು ಆಲ್ಫಾ ಕಾರ್ಬನ್ನಿಗೆ ತೂಗುಬಿದ್ದಿರುವ ಗುಂಪಿನಲ್ಲಿ. ಅದಕ್ಕೆ ಪಾರ್ಶ್ವ ಸರಪಳಿ ಎಂದು ಹೆಸರು. ಗ್ಲೈಸೀನಿನಲ್ಲಿ ಆ ಜಾಗದಲ್ಲಿರುವುದು ಒಂದು ಹೈಡ್ರೋಜನ್ ಪರಮಾಣು ಮಾತ್ರ. ಅಲನೀನಿನಲ್ಲಿ ಒಂದು ಮೀಥೈಲ್ ಗುಂಪು. ಟ್ರಿಪ್ಟೊಫೇನಿನಲ್ಲಿ ಎರಡು ಉಂಗುರಗಳ ದೊಡ್ಡ ಗುಂಪು.

ಪೆಪ್ಟೈಡ್ ಬಂಧವು ಸುಲಭವಾಗಿ ತಿರುಗುವುದಿಲ್ಲ. ಅದಕ್ಕೆ ಭಾಗಶಃ ದ್ವಿಬಂಧದ ಗುಣವಿದೆ. ಸಾಮಾನ್ಯ ಕಾರ್ಬನ್-ನೈಟ್ರೋಜನ್ ಏಕಬಂಧದ ಉದ್ದ ಸುಮಾರು 1.47 ಆಂಗ್‌ಸ್ಟ್ರಾಂ ಆದರೆ ಪೆಪ್ಟೈಡ್ ಬಂಧದ್ದು ಸುಮಾರು 1.33. ಆದ್ದರಿಂದ ಅದರ ಸುತ್ತಲಿನ ಪರಮಾಣುಗಳು ಒಂದು ಚಪ್ಪಟೆ ಹಲಗೆಯಂತೆ ಒಂದೇ ಸಮತಲದಲ್ಲಿ ಉಳಿಯುತ್ತವೆ. ಇದನ್ನು ಅಮೆರಿಕದ ಲೈನಸ್ ಪೌಲಿಂಗ್ ಮತ್ತು ರಾಬರ್ಟ್ ಕೋರಿ ಒತ್ತಿ ಹೇಳಿದರು. ಇದರ ಆಧಾರದ ಮೇಲೆಯೇ ಅವರು 1951ರಲ್ಲಿ ಆಲ್ಫಾ ಸುರುಳಿ ಮತ್ತು ಬೀಟಾ ಹಾಳೆ ಎಂಬ ರಚನೆಗಳನ್ನು ಸೂಚಿಸಿದ್ದು.

ಹಾಗಾದರೆ ಗೊಂಬೆಯ ಗಂಟುಗಳೆಲ್ಲಿ? ಆಲ್ಫಾ ಕಾರ್ಬನ್ನಿನ ಎರಡು ಬದಿಯ ಬಂಧಗಳಲ್ಲಿ. ನೈಟ್ರೋಜನ್ ಕಡೆಯ ಬಂಧದ ಸುತ್ತಲಿನ ತಿರುವನ್ನು ಫೈ ಕೋನ ಎಂದೂ, ಕಾರ್ಬೊನಿಲ್ ಕಡೆಯ ಬಂಧದ ಸುತ್ತಲಿನ ತಿರುವನ್ನು ಸೈ ಕೋನ ಎಂದೂ ಕರೆಯುತ್ತಾರೆ. ಒಂದೊಂದು ಕೊಂಡಿಗೆ ಈ ಎರಡು ಕೋನಗಳನ್ನು ಹೇಳಿದರೆ ಸಾಕು, ಬೆನ್ನೆಲುಬು ಯಾವ ಆಕಾರದಲ್ಲಿದೆ ಎಂಬುದು ಹೆಚ್ಚುಕಡಿಮೆ ತಿಳಿದುಬಿಡುತ್ತದೆ. ಈ ಸರಳ ಮಾತು ಇಂದು ಪಠ್ಯಪುಸ್ತಕದಲ್ಲಿದೆ. 1950ರ ದಶಕದಲ್ಲಿ ಅದು ಇನ್ನೂ ಯಾರ ಕೈಗೂ ಹೀಗೆ ಸಿಕ್ಕಿರಲಿಲ್ಲ.

ಮದ್ರಾಸಿನಲ್ಲಿ ಚರ್ಮದ ಪಾಠ

ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಳಂನಲ್ಲಿ. ತಂದೆ ಗಣಿತದ ಪ್ರಾಧ್ಯಾಪಕರು. 1942ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ಓದಲು. ಆದರೆ ಅಲ್ಲಿದ್ದ ಸರ್ ಸಿ.ವಿ. ರಾಮನ್ ಅವರು ಈ ಹುಡುಗನನ್ನು ಭೌತವಿಜ್ಞಾನ ವಿಭಾಗಕ್ಕೆ ಸೇರಿಸಿಕೊಂಡರು. ಸ್ಫಟಿಕಗಳು ಮತ್ತು ಕ್ಷ-ಕಿರಣಗಳ ಅಧ್ಯಯನ ಅಲ್ಲಿ ಮೊದಲಾಯಿತು. ಮುಂದೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಮುಗಿಸಿ 1949ರಲ್ಲಿ ಬೆಂಗಳೂರಿಗೆ ಮರಳಿದರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಹೋದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಅದೇ ವರ್ಷ ಬ್ರಿಟನ್ನಿನ ಸ್ಫಟಿಕವಿಜ್ಞಾನಿ ಜೆ.ಡಿ. ಬರ್ನಾಲ್ ಮದ್ರಾಸಿಗೆ ಬಂದಿದ್ದರು. ಕೊಲಾಜನ್ನಿನ ರಚನೆ ಇನ್ನೂ ಬಿಡಿಸಲಾಗದ ಒಗಟಾಗಿಯೇ ಇದೆ ಎಂದು ಮಾತಿನ ನಡುವೆ ಅವರು ತಿಳಿಸಿದರು. ರಾಮಚಂದ್ರನ್ ಅವರಿಗೆ ಅಷ್ಟು ಸಾಕಾಯಿತು. ಮದ್ರಾಸಿನಲ್ಲಿಯೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಅಲ್ಲಿಂದ ಕೊಲಾಜನ್ನಿನ ಹಲವು ಮಾದರಿಗಳನ್ನು ತಂದು ಕ್ಷ-ಕಿರಣಗಳಿಗೆ ಒಡ್ಡಿದರು. ಕಾಂಗರೂವಿನ ಬಾಲದ ಸ್ನಾಯುರಜ್ಜು ಸ್ಪಷ್ಟವಾದ ವಿವರ್ತನ ಚಿತ್ರವನ್ನು ಕೊಟ್ಟಿತು.

ಕೊಲಾಜನ್ನಿನ ಬಗ್ಗೆ ಒಂದು ಸುಳಿವು ಮೊದಲೇ ಇತ್ತು. ಅದರ ಅಮೈನೊ ಆಮ್ಲಗಳಲ್ಲಿ ಮೂರನೆಯ ಒಂದು ಭಾಗ ಗ್ಲೈಸೀನ್. ಪ್ರೋಲೀನ್ ಮತ್ತು ಹೈಡ್ರಾಕ್ಸಿಪ್ರೋಲೀನ್‌ಗಳೂ ಹೇರಳ. ಪಾರ್ಶ್ವ ಸರಪಳಿಯೇ ಇಲ್ಲದಂತಿರುವ ಆಮ್ಲ ಇಷ್ಟು ಪ್ರಮಾಣದಲ್ಲಿ ಏಕಿದೆ? ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಗೋಪಿನಾಥ ಕರ್ತಾ ಇದಕ್ಕೆ ಕೊಟ್ಟ ಉತ್ತರ 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕೊಲಾಜನ್ನಿನಲ್ಲಿ ಮೂರು ಸರಪಳಿಗಳು ಒತ್ತಾಗಿ ಸೇರಿವೆ. ಪ್ರತಿ ಮೂರನೆಯ ಕೊಂಡಿಯೂ ಒಳಗೆ ತಿರುಗಿ ನಡುವಿನ ಅಕ್ಷಕ್ಕೆ ತಾಗುವಷ್ಟು ಹತ್ತಿರ ಬರುತ್ತದೆ. ಅಲ್ಲಿ ಒಂದು ಹೈಡ್ರೋಜನ್‌ಗಷ್ಟೇ ಜಾಗ. ಆದ್ದರಿಂದ ಅಲ್ಲಿ ಗ್ಲೈಸೀನ್ ಮಾತ್ರ ಕೂರಬಲ್ಲದು.

ಮರುವರ್ಷ, 1955ರಲ್ಲಿ, ಈ ಮೂರು ಎಳೆಗಳೂ ಹಗ್ಗದಂತೆ ಒಂದರ ಸುತ್ತ ಒಂದು ಸುತ್ತಿಕೊಂಡಿವೆ ಎಂದು ಅವರು ತಮ್ಮ ಮಾದರಿಯನ್ನು ತಿದ್ದಿದರು. ಪುಂಡಿನಾರಿನ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎಳೆಯನ್ನು ಒಂದು ದಿಕ್ಕಿಗೆ ಹುರಿಮಾಡಿ, ಎಳೆಗಳನ್ನು ಕೂಡಿಸುವಾಗ ಎದುರು ದಿಕ್ಕಿಗೆ ಹೊಸೆಯುತ್ತಾರೆ. ಹಾಗೆ ಮಾಡಿದರೆ ಹಗ್ಗ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಕೊಲಾಜನ್ನಿನಲ್ಲಿಯೂ ಒಂದೊಂದು ಎಳೆ ಎಡಮುರಿ, ಮೂರೂ ಕೂಡಿದ ಸುರುಳಿ ಬಲಮುರಿ.

ಆಕ್ಷೇಪಣೆಯಿಂದ ಹುಟ್ಟಿದ ಪ್ರಶ್ನೆ

ಅದೇ 1955ರ ಕೊನೆಯಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಅವರ ಲೇಖನ 'ನೇಚರ್'ನಲ್ಲಿ ಬಂದಿತು. ಡಿಎನ್‌ಎಯ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಕ್ರಿಕ್ ಇವರೇ. ಮೂರೆಳೆಯ ಸುರುಳಿಯನ್ನು ಅವರೂ ಒಪ್ಪಿದರು. ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಅತಿ ಹತ್ತಿರ ಬಂದಿವೆ, ಅದು ಸಾಧ್ಯವಿಲ್ಲ ಎಂದರು. ಮೂರು ಕೊಂಡಿಗಳಿಗೆ ಎರಡು ಹೈಡ್ರೋಜನ್ ಬಂಧಗಳು ಎಂದು ಮದ್ರಾಸಿನವರು ಹೇಳಿದ್ದರೆ, ಒಂದೇ ಇರಬಲ್ಲದು ಎಂಬುದು ರಿಚ್-ಕ್ರಿಕ್ ವಾದ.

ಇಂತಹ ಸಂದರ್ಭದಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಹಟ ಹಿಡಿದು ವಾದಿಸಬಹುದಿತ್ತು, ಇಲ್ಲವೆ ಸೋಲೊಪ್ಪಿ ಬೇರೆ ವಿಷಯಕ್ಕೆ ಹೋಗಬಹುದಿತ್ತು. ರಾಮಚಂದ್ರನ್ ಮೂರನೆಯ ದಾರಿ ಹಿಡಿದರು. 'ಅತಿ ಹತ್ತಿರ' ಎಂದರೆ ಎಷ್ಟು ಹತ್ತಿರ ಎಂದು ಕೇಳಿದರು. ಬಂಧವಿಲ್ಲದ ಎರಡು ಪರಮಾಣುಗಳು ಎಷ್ಟರವರೆಗೆ ಸಮೀಪಿಸಬಹುದು ಎಂಬುದಕ್ಕೆ ಆಗ ಎಲ್ಲರೂ ಒಪ್ಪಿದ ಅಳತೆ ಇರಲಿಲ್ಲ.

ರಾಮಚಂದ್ರನ್, ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಆವರೆಗೆ ಬಿಡಿಸಲಾಗಿದ್ದ ಅಮೈನೊ ಆಮ್ಲ, ಪೆಪ್ಟೈಡ್ ಮುಂತಾದ ಸಣ್ಣ ಅಣುಗಳ ಸ್ಫಟಿಕ ರಚನೆಗಳನ್ನು ಒಂದೊಂದಾಗಿ ತೆರೆದು ಅಂತರಗಳನ್ನು ಪಟ್ಟಿಮಾಡಿದರು. ಪ್ರತಿ ಜೋಡಿಗೂ ಎರಡು ಮಿತಿಗಳನ್ನು ಇಟ್ಟುಕೊಂಡರು: ಒಂದು ಸಾಮಾನ್ಯ ಮಿತಿ, ಇನ್ನೊಂದು ಅದಕ್ಕಿಂತ ಕೊಂಚ ಸಡಿಲವಾದ ಕಡೆಯ ಮಿತಿ. ಕಾರ್ಬನ್-ಕಾರ್ಬನ್ ಜೋಡಿಗೆ ಇವು 3.2 ಮತ್ತು 3.0 ಆಂಗ್‌ಸ್ಟ್ರಾಂ. ಕಾರ್ಬನ್-ಆಕ್ಸಿಜನ್ ಜೋಡಿಗೆ 2.8 ಮತ್ತು 2.7. ಹೈಡ್ರೋಜನ್-ಹೈಡ್ರೋಜನ್ ಜೋಡಿಗೆ 2.0 ಮತ್ತು 1.9.

ಮುಂದಿನ ಕೆಲಸ ಬರಿಯ ಲೆಕ್ಕ. ಒಂದು ಆಲ್ಫಾ ಕಾರ್ಬನ್ನಿನ ಎರಡು ಬದಿಯಲ್ಲಿ ಎರಡು ಚಪ್ಪಟೆ ಹಲಗೆಗಳಿವೆ ಎಂದುಕೊಳ್ಳಿ. ಫೈಯನ್ನು ಒಂದಿಷ್ಟು ತಿರುಗಿಸಿ, ಸೈಯನ್ನು ಒಂದಿಷ್ಟು ತಿರುಗಿಸಿ. ಎಲ್ಲ ಪರಮಾಣು ಜೋಡಿಗಳ ಅಂತರವನ್ನು ಅಳೆಯಿರಿ. ಒಂದು ಜೋಡಿಯಾದರೂ ಮಿತಿಗಿಂತ ಹತ್ತಿರ ಬಂದರೆ ಆ ಕೋನಗಳ ಜೋಡಿ ನಿಷಿದ್ಧ, ಇಲ್ಲವಾದರೆ ಸಮ್ಮತ. 30 ಡಿಗ್ರಿಗೆ ಒಂದರಂತೆ ನೋಡಿದರೂ 12 ಗುಣಿಲೆ 12, ಒಟ್ಟು 144 ಸ್ಥಿತಿಗಳಾಗುತ್ತವೆ. ಒಂದೊಂದರಲ್ಲಿಯೂ ಹತ್ತಾರು ಅಂತರಗಳು. ಇಂದು ಮೊಬೈಲ್ ಫೋನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುವ ಈ ಲೆಕ್ಕವನ್ನು ಅವರು ಮೇಜಿನ ಮೇಲಿನ ಗಣಕಯಂತ್ರದಲ್ಲಿ ಕೈಯಿಂದ ಮಾಡಿದರು.

ಫಲಿತಾಂಶವನ್ನು ಒಂದು ಚೌಕದಲ್ಲಿ ಬರೆದರು. ಅಡ್ಡಕ್ಕೆ ಫೈ, ಉದ್ದಕ್ಕೆ ಸೈ. 1963ರಲ್ಲಿ 'ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ'ಯಲ್ಲಿ ಪ್ರಕಟವಾದ ಐದು ಪುಟಗಳ ಆ ಲೇಖನದ ಚಿತ್ರವೇ ಇಂದು ಜಗತ್ತಿನ ಜೀವರಸಾಯನ ಪಠ್ಯಗಳಲ್ಲೆಲ್ಲ ಕಾಣುವ 'ರಾಮಚಂದ್ರನ್ ನಕ್ಷೆ'.

ಮಾತಂಗ ಬೆಟ್ಟದ ಮೇಲೆ ನಿಂತು ಹಂಪಿಯನ್ನು ನೋಡಿದವರಿಗೆ ಈ ನಕ್ಷೆ ಅಪರಿಚಿತವೆನಿಸದು. ಎಲ್ಲೆಲ್ಲೂ ಬಂಡೆಗಳ ರಾಶಿ, ಅವುಗಳ ನಡುವೆ ಅಲ್ಲಲ್ಲಿ ಬಾಳೆತೋಟ, ಗದ್ದೆ, ಕಾಲುದಾರಿ. ರಾಮಚಂದ್ರನ್ ನಕ್ಷೆಯಲ್ಲಿಯೂ ಬಹುಪಾಲು ನೆಲ ನಿಷಿದ್ಧ. ಸಮ್ಮತ ಪ್ರದೇಶಗಳು ಎರಡು ಮೂರು ದ್ವೀಪಗಳಷ್ಟೆ. ಪೌಲಿಂಗ್ ಸೂಚಿಸಿದ ಬಲಮುರಿ ಆಲ್ಫಾ ಸುರುಳಿ ಒಂದು ದ್ವೀಪದಲ್ಲಿ ಬಿತ್ತು. ಬೀಟಾ ಹಾಳೆ ಮತ್ತು ಕೊಲಾಜನ್ ಇನ್ನೊಂದರಲ್ಲಿ ಬಿದ್ದವು. ಮಯೋಗ್ಲೋಬಿನ್ನಿನ ಪರಮಾಣು ಮಟ್ಟದ ರಚನೆ ಆಗತಾನೆ ಹೊರಬಂದಿದ್ದ ಕಾಲ ಅದು. ಅಂತಹ ಸಮಯದಲ್ಲಿ, ಮುಂದೆ ಬರಲಿರುವ ಪ್ರೋಟೀನುಗಳೆಲ್ಲ ಎಲ್ಲಿ ಇರಬಹುದು, ಎಲ್ಲಿ ಇರಲಾರವು ಎಂಬುದನ್ನು ಈ ನಕ್ಷೆ ಮುಂಚಿತವಾಗಿಯೇ ಹೇಳಿತ್ತು.

ಪಕ್ಕದವರು ಬಿಟ್ಟಷ್ಟೇ ಜಾಗ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ನಕ್ಷೆಯ ವಿಸ್ತಾರವನ್ನು ಪಾರ್ಶ್ವ ಸರಪಳಿ ಹೇಗೆ ಬದಲಿಸುತ್ತದೆ?

ಗ್ಲೈಸೀನಿನಿಂದ ಆರಂಭಿಸಿ. ಅದರ ಆಲ್ಫಾ ಕಾರ್ಬನ್ನಿನಲ್ಲಿರುವುದು ಎರಡು ಹೈಡ್ರೋಜನ್‌ಗಳು ಮಾತ್ರ. ಅಡ್ಡಿ ಕಡಿಮೆ. ಚೌಕದ ಸುಮಾರು ಅರ್ಧದಷ್ಟು ಭಾಗ ಅದಕ್ಕೆ ತೆರೆದಿರುತ್ತದೆ. ಈಗ ಒಂದು ಹೈಡ್ರೋಜನ್ನನ್ನು ತೆಗೆದು ಅಲ್ಲಿ ಮೀಥೈಲ್ ಗುಂಪನ್ನು ಇಡಿ. ಅದು ಅಲನೀನ್ ಆಯಿತು. ಬದಲಾದದ್ದು ಇಷ್ಟೇ. ಆದರೆ ಸಾಮಾನ್ಯ ಮಿತಿಯ ಪ್ರಕಾರ ಸಮ್ಮತ ಪ್ರದೇಶ ಚೌಕದ ಹತ್ತನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಸಡಿಲ ಮಿತಿಯನ್ನು ಒಪ್ಪಿದರೂ ಐದನೆಯ ಒಂದು ಭಾಗದ ಆಸುಪಾಸು. ಒಂದೇ ಒಂದು ಕಾರ್ಬನ್ ಬಂದು ಕುಳಿತದ್ದಕ್ಕೆ ಇಷ್ಟೊಂದು ಸ್ವಾತಂತ್ರ್ಯ ನಷ್ಟ!

ಇನ್ನೂ ಒಂದು ಸಂಗತಿ ಗಮನಿಸಿ. ಗ್ಲೈಸೀನಿನ ಎರಡು ಹೈಡ್ರೋಜನ್‌ಗಳಲ್ಲಿ ಎಡಬಲ ಭೇದವಿಲ್ಲ. ಆದ್ದರಿಂದ ಅದರ ನಕ್ಷೆ ಸಮಮಿತಿಯದು. ಪಾಯೆಸ್ ಕಂಡ ಹರಿಗೋಲಿನಂತೆ ಅದು ಎರಡೂ ಕಡೆ ಸಲೀಸಾಗಿ ತಿರುಗಬಲ್ಲದು. ಅಲನೀನಿನಲ್ಲಿ ಮೀಥೈಲ್ ಒಂದು ಕಡೆಗೆ ಮಾತ್ರ ಇದೆ. ಎಡಮುರಿ ಸುರುಳಿಯ ಪ್ರದೇಶ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಪ್ರೋಟೀನುಗಳಲ್ಲಿ ಆಲ್ಫಾ ಸುರುಳಿಗಳು ಬಲಮುರಿಯಾಗಿಯೇ ಇರುವುದು ಏಕೆಂದು ನಿಮ್ಮ ವಿದ್ಯಾರ್ಥಿ ಕೇಳಿದರೆ ಉತ್ತರ ಇಲ್ಲಿಂದಲೇ ಶುರುವಾಗಬೇಕು.

ಹಾಗಾದರೆ ಪಾರ್ಶ್ವ ಸರಪಳಿ ದೊಡ್ಡದಾದಷ್ಟೂ ಬೆನ್ನೆಲುಬು ಬಿಗಿಯಾಗುತ್ತದೆಯೆ? ಹೌದೆಂದು ಅನಿಸುವುದು ಸಹಜ. ಆದರೆ ಹಾಗಿಲ್ಲ. ಸಂಡೂರಿನ ಲಂಬಾಣಿ ಮಹಿಳೆಯರ ಕುಸುರಿ ಕೆಲಸವನ್ನು, ಅವರ ಕೊರಳ ಸರಗಳನ್ನು ನೆನೆಯಿರಿ. ದಾರಕ್ಕೆ ಒತ್ತಿಕೊಂಡಂತೆ ದಪ್ಪ ಮಣಿಗಳನ್ನು ಪೋಣಿಸಿದರೆ ದಾರ ಅಲ್ಲಿ ಬಾಗಲಾರದು. ಅದೇ ದಾರದಿಂದ ಸಣ್ಣ ಎಳೆಯೊಂದನ್ನು ಇಳಿಬಿಟ್ಟು ಅದರ ತುದಿಗೆ ದೊಡ್ಡ ನಾಣ್ಯವನ್ನೇ ಕಟ್ಟಿದರೂ ದಾರದ ಬಾಗುವಿಕೆಗೆ ಅಷ್ಟು ಅಡ್ಡಿಯಿಲ್ಲ. ಮುಖ್ಯವಾದದ್ದು ಅಲಂಕಾರದ ಒಟ್ಟು ಗಾತ್ರವಲ್ಲ, ದಾರದ ಪಕ್ಕದಲ್ಲೇ ಅದು ಎಷ್ಟು ದಪ್ಪವಾಗಿದೆ ಎಂಬುದು.

ಪಾರ್ಶ್ವ ಸರಪಳಿಯಲ್ಲಿಯೂ ಹೀಗೆ. ಬೆನ್ನೆಲುಬಿಗೆ ತಾಗಿದ ಮೊದಲ ಕಾರ್ಬನ್ನಿಗೆ ಬೀಟಾ ಕಾರ್ಬನ್ ಎಂದು ಹೆಸರು. ಅಡ್ಡಿಯ ಬಹುಪಾಲು ಅದರಿಂದಲೇ ಬರುತ್ತದೆ. ಟ್ರಿಪ್ಟೊಫೇನ್ ಗಾತ್ರದಲ್ಲಿ ಎಲ್ಲಕ್ಕಿಂತ ದೊಡ್ಡದು, ಆದರೂ ಅದರ ನಕ್ಷೆ ಅಲನೀನಿನ ನಕ್ಷೆಯನ್ನೇ ಬಹಳಮಟ್ಟಿಗೆ ಹೋಲುತ್ತದೆ. ವ್ಯಾಲೀನ್, ಐಸೊಲ್ಯೂಸೀನ್, ಥ್ರಿಯೊನೀನ್‌ಗಳು ಅದಕ್ಕಿಂತ ಚಿಕ್ಕವು. ಆದರೆ ಅವು ಬೀಟಾ ಕಾರ್ಬನ್ನಿನಲ್ಲಿಯೇ ಕವಲೊಡೆಯುತ್ತವೆ. ಆದ್ದರಿಂದ ಅವುಗಳ ಬೆನ್ನೆಲುಬು ಇನ್ನಷ್ಟು ಬಿಗಿ. ಸುರುಳಿಗಿಂತ ಬೀಟಾ ಹಾಳೆ ಅವಕ್ಕೆ ಹೆಚ್ಚು ಒಗ್ಗುತ್ತದೆ. ಲ್ಯೂಸೀನ್ ಕವಲೊಡೆಯುವುದು ಒಂದು ಹೆಜ್ಜೆ ಆಚೆ. ಅದಕ್ಕೆ ಸುರುಳಿಯಲ್ಲಿ ತೊಂದರೆಯಿಲ್ಲ.

ಪ್ರೋಲೀನಿನದು ಬೇರೆಯದೇ ಕಥೆ. ಅದರ ಪಾರ್ಶ್ವ ಸರಪಳಿ ಸುತ್ತಿ ಬಂದು ಬೆನ್ನೆಲುಬಿನ ನೈಟ್ರೋಜನ್ನಿಗೇ ಕೊಂಡಿ ಹಾಕಿಕೊಂಡಿದೆ. ಐದು ಪರಮಾಣುಗಳ ಉಂಗುರದೊಳಗೆ ಸಿಕ್ಕ ಆ ಬಂಧ ತಿರುಗುವುದೆಂತು? ಫೈ ಕೋನ ಸುಮಾರು −65 ಡಿಗ್ರಿಯ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಅಷ್ಟೇ ಅಲ್ಲ, ತನ್ನ ಹಿಂದಿನ ಕೊಂಡಿಯ ಸ್ವಾತಂತ್ರ್ಯವನ್ನೂ ಪ್ರೋಲೀನ್ ಮೊಟಕುಗೊಳಿಸುತ್ತದೆ.

ಕೊಲಾಜನ್ನಿನಲ್ಲಿ ಗ್ಲೈಸೀನ್ ಮತ್ತು ಪ್ರೋಲೀನ್ ಎರಡೂ ಏಕೆ ಹೇರಳವಾಗಿವೆ ಎಂಬುದು ಈಗ ಸ್ಪಷ್ಟವಾಯಿತಲ್ಲವೆ? ಅತ್ಯಂತ ಸಡಿಲವಾದ ಗ್ಲೈಸೀನ್ ಒಳಗಿನ ಇಕ್ಕಟ್ಟಿನಲ್ಲಿ ಕೂರುತ್ತದೆ. ಅತ್ಯಂತ ಬಿಗಿಯಾದ ಪ್ರೋಲೀನ್ ಮತ್ತು ಹೈಡ್ರಾಕ್ಸಿಪ್ರೋಲೀನ್‌ಗಳು ಎಳೆಯನ್ನು ನೆಟ್ಟಗೆ ಹಿಡಿದಿಡುತ್ತವೆ. ಹರಿಗೋಲಿನ ಚರ್ಮದ ಬಲದ ಹಿಂದೆ ಇವೆರಡರ ಹೊಂದಾಣಿಕೆ ಇದೆ.

ಆದರೆ ನಕ್ಷೆಯನ್ನು ಕಲ್ಲಿನ ಶಾಸನವೆಂದು ತಿಳಿಯಬೇಡಿ. ಅದರ ಲೆಕ್ಕದಲ್ಲಿ ಪರಮಾಣುಗಳು ಗಟ್ಟಿ ಗೋಲಿಗಳಿದ್ದಂತೆ. ನಿಜವಾದ ಪ್ರೋಟೀನಿನಲ್ಲಿ ಹೈಡ್ರೋಜನ್ ಬಂಧ, ನೀರು, ವಿದ್ಯುದಾವೇಶ ಎಲ್ಲವೂ ಪಾತ್ರ ವಹಿಸುತ್ತವೆ. ಆಸ್ಪರಜೀನ್ ಮತ್ತು ಆಸ್ಪಾರ್ಟಿಕ್ ಆಮ್ಲಗಳ ಪಾರ್ಶ್ವ ಸರಪಳಿಗಳು ಬೆನ್ನೆಲುಬಿನೊಡನೆಯೇ ಆಕರ್ಷಣೆ ಬೆಳೆಸುವುದರಿಂದ, ಇತರ ಆಮ್ಲಗಳು ಹಿಂಜರಿಯುವ ಎಡಮುರಿ ಪ್ರದೇಶದಲ್ಲಿ ಅವು ಆಗಾಗ ಕಾಣಿಸಿಕೊಳ್ಳುತ್ತವೆ.

ಬೆಂಗಳೂರಿಗೆ ಬಂದ ನಕ್ಷೆ

ರಾಮಚಂದ್ರನ್ 1970ರಲ್ಲಿ ಮದ್ರಾಸನ್ನು ಬಿಟ್ಟರು. 1971ರಲ್ಲಿ ತಾವು ಓದಿದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಅಣುಜೀವಭೌತ ಘಟಕವನ್ನು ಕಟ್ಟಿದರು. ಹಳೆಯ ಸಹೋದ್ಯೋಗಿಗಳಾದ ಶಶಿಶೇಖರನ್ ಮತ್ತು ರಾಮಕೃಷ್ಣನ್ ಅವರೂ ಇಲ್ಲಿಗೆ ಬಂದರು. ಕೊಲಾಜನ್ನಿನಿಂದ ಹುಟ್ಟಿದ ಪ್ರಶ್ನೆಗೆ ಹೀಗೆ ಕರ್ನಾಟಕದಲ್ಲಿ ಒಂದು ಮನೆ ಸಿಕ್ಕಿತು.

ಈ ಘಟಕದಲ್ಲಿ ಪಿ. ಬಲರಾಮ್ ಮತ್ತು ಅವರ ವಿದ್ಯಾರ್ಥಿಗಳು 1970ರ ದಶಕದಿಂದ ಕೈಗೊಂಡ ಕೆಲಸ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಅಲನೀನಿನಲ್ಲಿ ಒಂದು ಮೀಥೈಲ್ ಗುಂಪಿದೆ. ಉಳಿದಿರುವ ಹೈಡ್ರೋಜನ್ನಿನ ಜಾಗದಲ್ಲಿಯೂ ಇನ್ನೊಂದು ಮೀಥೈಲನ್ನು ಇಟ್ಟರೆ? ಆಲ್ಫಾ ಅಮೈನೊ ಐಸೊಬ್ಯುಟೈರಿಕ್ ಆಮ್ಲ ಸಿಗುತ್ತದೆ. ನಮ್ಮ ಪ್ರೋಟೀನುಗಳಲ್ಲಿ ಇದಿಲ್ಲ. ಆದರೆ ಕೆಲವು ಶಿಲೀಂಧ್ರಗಳು ತಯಾರಿಸುವ ಅಲಮೆಥಿಸಿನ್‌ನಂತಹ ಪ್ರತಿಜೈವಿಕಗಳಲ್ಲಿ ಇದೆ. ಎರಡು ಕಡೆಯಿಂದಲೂ ಅಡ್ಡಿಯಾದಾಗ ಬೆನ್ನೆಲುಬಿಗೆ ಉಳಿಯುವುದು ಬಹುತೇಕ ಸುರುಳಿಯ ಕೋನಗಳು ಮಾತ್ರ ಎಂದು ನಕ್ಷೆಯ ತರ್ಕ ಹೇಳುತ್ತದೆ. ಇಂತಹ ಪೆಪ್ಟೈಡ್‌ಗಳನ್ನು ತಯಾರಿಸಿ, ಅಮೆರಿಕದ ಇಸಬೆಲಾ ಕಾರ್ಲ್ ಅವರೊಡನೆಯೂ ಸೇರಿ ಸ್ಫಟಿಕ ರಚನೆಗಳನ್ನು ಬಿಡಿಸಿದಾಗ ಕಂಡದ್ದು ಅದೇ. ಬೇಕಾದ ಆಕಾರಕ್ಕೆ ತಕ್ಕಂತೆ ಪೆಪ್ಟೈಡ್‌ಗಳನ್ನು ವಿನ್ಯಾಸಗೊಳಿಸುವ ದಾರಿ ಇದರಿಂದ ತೆರೆಯಿತು.

ಒಂದೇ ಕೊಂಡಿ ಬದಲಾದರೆ

ಇದೆಲ್ಲ ಬರಿಯ ಜ್ಯಾಮಿತಿ ಎಂದು ನಿಮಗೆ ಅನಿಸಬಹುದು. ಹಾಗಲ್ಲ. ಆಸ್ಟಿಯೊಜೆನೆಸಿಸ್ ಇಂಪರ್ಫೆಕ್ಟಾ ಎಂಬ ಆನುವಂಶಿಕ ರೋಗವಿದೆ. ಇದರಿಂದ ಬಳಲುವ ಮಕ್ಕಳ ಮೂಳೆಗಳು ಸಣ್ಣ ಪೆಟ್ಟಿಗೂ ಮುರಿಯುತ್ತವೆ. ಅನೇಕ ರೋಗಿಗಳಲ್ಲಿ ಕಾರಣ ಇಷ್ಟೇ: ಸಾವಿರದಷ್ಟು ಕೊಂಡಿಗಳಿರುವ ಕೊಲಾಜನ್ ಸುರುಳಿಯಲ್ಲಿ ಎಲ್ಲೋ ಒಂದು ಗ್ಲೈಸೀನಿನ ಜಾಗದಲ್ಲಿ ಬೇರೊಂದು ಅಮೈನೊ ಆಮ್ಲ ಬಂದಿದೆ. ಹೈಡ್ರೋಜನ್ ಕೂರುವಷ್ಟೇ ಜಾಗದಲ್ಲಿ ದೊಡ್ಡ ಗುಂಪು ತೂರಿಕೊಂಡರೆ ಮೂರೆಳೆ ಸರಿಯಾಗಿ ಹೊಸೆದುಕೊಳ್ಳುವುದಿಲ್ಲ.

ಆ ಇಕ್ಕಟ್ಟಿನಲ್ಲಿ ಏನಾಗುತ್ತದೆ ಎಂಬುದನ್ನು 1994ರಲ್ಲಿ ಕಣ್ಣಾರೆ ಕಾಣಲು ಸಾಧ್ಯವಾಯಿತು. ಹೆಲೆನ್ ಬರ್ಮನ್, ಬಾರ್ಬರಾ ಬ್ರಾಡ್ಸ್ಕಿ ಮತ್ತು ಅವರ ಸಂಗಡಿಗರು ಕೊಲಾಜನ್ನಿನಂತಹ ಒಂದು ಪೆಪ್ಟೈಡಿನ ನಡುವೆ ಒಂದು ಗ್ಲೈಸೀನಿನ ಬದಲು ಬೇಕೆಂದೇ ಅಲನೀನನ್ನು ಇಟ್ಟು ಸ್ಫಟಿಕ ರಚನೆಯನ್ನು ಬಿಡಿಸಿದರು. ಅಲನೀನ್ ಇದ್ದ ಕಡೆ ಸುರುಳಿ ಕೊಂಚ ಬಿಚ್ಚಿಕೊಂಡಿತ್ತು. ನೇರ ಹೈಡ್ರೋಜನ್ ಬಂಧಗಳ ಜಾಗದಲ್ಲಿ ನೀರಿನ ಅಣುಗಳು ಸೇರಿಕೊಂಡಿದ್ದವು. ಹಳೆಯ ವಿವಾದವೂ ಇಲ್ಲಿ ತೀರ್ಮಾನ ಕಂಡಿತು. ಮೂರೆಳೆಯ ಸುರುಳಿ ಎಂಬ ಮದ್ರಾಸಿನ ಮೂಲ ಕಲ್ಪನೆ ಸರಿ. ಮೂರು ಕೊಂಡಿಗೆ ನೇರ ಹೈಡ್ರೋಜನ್ ಬಂಧ ಒಂದೇ ಎಂಬ ರಿಚ್-ಕ್ರಿಕ್ ಮಾತೂ ಸರಿ.

ಪಾರ್ಶ್ವ ಸರಪಳಿಯನ್ನು ಬದಲಿಸಿ ಒಳಿತನ್ನೂ ಮಾಡಬಹುದು. 1987ರಲ್ಲಿ ಬ್ರಯನ್ ಮ್ಯಾಥ್ಯೂಸ್ ಅವರ ತಂಡ ಲೈಸೊಜೈಮ್ ಎಂಬ ಕಿಣ್ವದಲ್ಲಿ ಒಂದು ಗ್ಲೈಸೀನನ್ನು ಅಲನೀನಿಗೂ, ಒಂದು ಅಲನೀನನ್ನು ಪ್ರೋಲೀನಿಗೂ ಬದಲಿಸಿತು. ಮಡಿಕೆ ಬಿಚ್ಚಿದ ಸ್ಥಿತಿಯಲ್ಲಿ ಸರಪಳಿಗಿದ್ದ ಸ್ವಾತಂತ್ರ್ಯ ಕಡಿಮೆಯಾಯಿತು. ಮಡಿಸಿಕೊಂಡೇ ಇರುವುದು ಅದಕ್ಕೆ ಹೆಚ್ಚು ಅನುಕೂಲವಾಯಿತು. ಕಿಣ್ವ ಶಾಖಕ್ಕೆ ಕೊಂಚ ಹೆಚ್ಚು ತಾಳಿಕೊಂಡಿತು.

ಕೋವಿಡ್ ಕಾಲದ ಉದಾಹರಣೆ ಇನ್ನೂ ಹತ್ತಿರದ್ದು. ಕೊರೊನಾ ವೈರಸ್ಸಿನ ಮುಳ್ಳು ಪ್ರೋಟೀನು ಸ್ಪ್ರಿಂಗಿನಂತೆ ಒಮ್ಮೆಲೆ ಆಕಾರ ಬದಲಿಸುತ್ತದೆ. ಲಸಿಕೆಗೆ ಬೇಕಾದದ್ದು ಬದಲಾಗುವುದಕ್ಕೆ ಮೊದಲಿನ ಆಕಾರ. 986 ಮತ್ತು 987ನೆಯ ಸ್ಥಾನದ ಲೈಸೀನ್ ಮತ್ತು ವ್ಯಾಲೀನ್‌ಗಳ ಬದಲು ಎರಡು ಪ್ರೋಲೀನ್‌ಗಳನ್ನು ಇಟ್ಟರೆ ಅಲ್ಲಿ ಉದ್ದನೆಯ ಸುರುಳಿ ಕಟ್ಟಲಾಗದೆ ಪ್ರೋಟೀನು ಮೊದಲಿನ ಆಕಾರದಲ್ಲಿಯೇ ನಿಲ್ಲುತ್ತದೆ. ಇದೇ ಬಂಧುಬಳಗದ ಮರ್ಸ್ ವೈರಸ್ಸಿನ ಪ್ರೋಟೀನಿನಲ್ಲಿ ಈ ಉಪಾಯ ಫಲಿಸಿದ್ದು 2017ರಲ್ಲಿಯೇ ವರದಿಯಾಗಿತ್ತು. ಫೈಜರ್, ಮಾಡರ್ನಾ ಲಸಿಕೆಗಳಲ್ಲಿಯೂ, ಭಾರತದಲ್ಲಿ ಕೋವೊವ್ಯಾಕ್ಸ್ ಹೆಸರಿನಲ್ಲಿ ತಯಾರಾದ ನೊವಾವ್ಯಾಕ್ಸ್ ಲಸಿಕೆಯಲ್ಲಿಯೂ ಇದೇ ಎರಡು ಪ್ರೋಲೀನ್‌ಗಳಿವೆ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರೆ, ಇದನ್ನು ತೋರಿಸಲು ಪ್ರಯೋಗಾಲಯ ಬೇಕಿಲ್ಲ. ನಿಂಬೆಹಣ್ಣಿನ ಗಾತ್ರದ ಜೇಡಿಮಣ್ಣಿನ ಉಂಡೆಯೊಂದನ್ನು ಮಾಡಿ. ಅದು ಆಲ್ಫಾ ಕಾರ್ಬನ್. ನಾಲ್ಕು ಕಡ್ಡಿಗಳನ್ನು ಚತುರ್ಮುಖಿಯ ಮೂಲೆಗಳ ಕಡೆಗೆ, ಎಂದರೆ ಒಂದಕ್ಕೊಂದು ಆದಷ್ಟು ದೂರವಿರುವಂತೆ ಚುಚ್ಚಿ. ಎರಡು ಕಡ್ಡಿಗಳಿಗೆ ಒಂದೊಂದು ರಟ್ಟಿನ ಚೌಕವನ್ನು ಅಂಟಿಸಿ. ಅವು ಪೆಪ್ಟೈಡ್ ಹಲಗೆಗಳು. ಉಳಿದ ಎರಡು ಕಡ್ಡಿಗಳ ತುದಿಗೆ ಮೊದಲು ಎರಡು ಬಟಾಣಿ ಸಿಕ್ಕಿಸಿ. ಇದು ಗ್ಲೈಸೀನ್. ರಟ್ಟುಗಳಿರುವ ಕಡ್ಡಿಗಳನ್ನು 30 ಡಿಗ್ರಿಯಂತೆ ತಿರುಗಿಸುತ್ತ, ಯಾವ ಸ್ಥಿತಿಯಲ್ಲಿ ಒಂದಕ್ಕೊಂದು ತಾಗುತ್ತವೆ ಎಂದು 12 ಗುಣಿಲೆ 12ರ ಚೌಕದಲ್ಲಿ ಗುರುತು ಹಾಕಿಸಿ. ಆಮೇಲೆ ಒಂದು ಬಟಾಣಿಯ ಬದಲು ದೊಡ್ಡ ಅಡಿಕೆಯನ್ನು ಸಿಕ್ಕಿಸಿ ಮತ್ತೆ ತಿರುಗಿಸಿ. ಎಷ್ಟು ಮನೆಗಳು ಹೊಸದಾಗಿ ಮುಚ್ಚಿಹೋದವು ಎಂದು ಮಕ್ಕಳೇ ಎಣಿಸಲಿ. ಅಳತೆಗಳು ನಿಖರವಾಗಿರುವುದಿಲ್ಲ. ಆದರೆ ಮದ್ರಾಸಿನಲ್ಲಿ ಮೂವರು ಮಾಡಿದ ಲೆಕ್ಕದ ಮರ್ಮ ಒಂದು ಪಿರಿಯಡ್ಡಿನಲ್ಲಿ ಕೈಗೆ ಹತ್ತುತ್ತದೆ.

ರಾಮಚಂದ್ರನ್ 2001ರ ಏಪ್ರಿಲ್ 7ರಂದು ನಿಧನರಾದರು. ನಕ್ಷೆ ಹಳತಾಗಲಿಲ್ಲ. ಪ್ರೋಟೀನಿನ ಹೊಸ ರಚನೆಯೊಂದನ್ನು ಪ್ರಕಟಿಸುವ ಮುನ್ನ ಅದರ ಕೊಂಡಿಗಳು ಸಮ್ಮತ ಪ್ರದೇಶದಲ್ಲಿವೆಯೆ ಎಂದು ಇಂದಿಗೂ ಪರೀಕ್ಷಿಸುತ್ತಾರೆ. ಒಳ್ಳೆಯ ರಚನೆಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಕೊಂಡಿಗಳು ಅತ್ಯನುಕೂಲ ಪ್ರದೇಶದಲ್ಲಿರಬೇಕು. ಅಮೈನೊ ಆಮ್ಲಗಳ ಸರಣಿಯಿಂದಲೇ ಪ್ರೋಟೀನಿನ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ಎಂಬ ಗಣಕ ಕ್ರಮವಿಧಿಗೆ 2024ರ ರಸಾಯನವಿಜ್ಞಾನ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಅಂತಹ ಊಹೆಗಳನ್ನು ಒರೆಗೆ ಹಚ್ಚುವಾಗಲೂ ಈ ಚೌಕ ಬೇಕಾಗುತ್ತದೆ.

ಮುಂದಿನ ಸಲ ಮಕ್ಕಳೊಡನೆ ಹಂಪಿಗೆ ಹೋದಾಗ ಹರಿಗೋಲಿನ ಬಳಿ ಒಂದು ನಿಮಿಷ ನಿಲ್ಲಿ. ಒಂದು ಕಾಲದಲ್ಲಿ ಅದನ್ನು ತೇಲಿಸುತ್ತಿದ್ದ ಚರ್ಮದ ಕಥೆಯನ್ನು ಹೇಳಿ. ಜೊತೆಗೆ, ನಿಮ್ಮ ಲೆಕ್ಕ ತಪ್ಪು ಎಂದು ದೊಡ್ಡವರು ಹೇಳಿದಾಗ 'ಎಷ್ಟು ತಪ್ಪು, ಅಳೆದು ನೋಡೋಣ' ಎಂದು ಕುಳಿತವರ ಕಥೆಯನ್ನೂ ಹೇಳಿ.